ಹೆದ್ದಾರಿ ಬದಿಯಲ್ಲಿ ಕುಟುಂಬಗಳಿಗೆ ಡೇರೆ ಹಾಕುವ ಜಾಗ ಬೇಕು

ಮಾನ್ಯ ಸಂಪಾದಕರೇ,

ಶಾಲೆಗೆ ರಜೆ ಬಂದೊಡನೆ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರ ರಾಜ್ಯಗಳಿಗೆ ಹೊರಡುವ ಮಧ್ಯಮ ವರ್ಗದ ಕುಟುಂಬಗಳನ್ನು ಈಗ ಎಲ್ಲ ಊರುಗಳಲ್ಲೂ ಕಾಣಬಹುದು. ದಿನಕ್ಕೊಂದು ಲಾಡ್ಜಿನ ಬಾಡಿಗೆ ಭರಿಸಲಾಗದವರು, ಮಕ್ಕಳು ಬಯಲಿನ ಗಾಳಿಯಲ್ಲಿ ನಾಲ್ಕು ರಾತ್ರಿ ಕಳೆಯಲಿ ಎಂದು ಬಯಸುವವರು ಡೇರೆ, ಚಾಪೆ, ಸಣ್ಣ ಗ್ಯಾಸ್ ಒಲೆಗಳನ್ನು ಡಿಕ್ಕಿಯಲ್ಲಿಟ್ಟುಕೊಂಡು ಹೋಗುತ್ತಾರೆ. ಇಂಥವರು ಕತ್ತಲಾಗುವ ಮುನ್ನ ಗಾಡಿ ನಿಲ್ಲಿಸಿ, ಮಕ್ಕಳೊಂದಿಗೆ ನಿಶ್ಚಿಂತೆಯಿಂದ ಮಲಗಬಹುದಾದ ಜಾಗ ನಮ್ಮ ರಾಷ್ಟ್ರೀಯ ಹೆದ್ದಾರಿಗಳ ಬದಿಯಲ್ಲಿ ಸಿಗುವುದೇ ಕಷ್ಟ. ಈ ಕೊರತೆಯನ್ನು ಸರ್ಕಾರದ ಗಮನಕ್ಕೆ ತರಲು ಈ ಪತ್ರ.

ಕಳೆದ ದಸರಾ ರಜೆಯಲ್ಲಿ ನಮ್ಮ ಕುಟುಂಬವೂ ಹೀಗೆ ಹೊರಟಿತ್ತು. ತುಮಕೂರಿನಿಂದ ಮಧುಗಿರಿ, ಹಿಂದೂಪುರದ ಮೇಲೆ ಹೋಗಿ ಪೆನುಕೊಂಡದ ಬಳಿ 44ನೇ ರಾಷ್ಟ್ರೀಯ ಹೆದ್ದಾರಿ ಸೇರಿದರೆ ಪಂಜಾಬಿನವರೆಗೂ ಅದೇ ರಸ್ತೆ ಹಿಡಿದು ಹೋಗಬಹುದು. ಕನ್ಯಾಕುಮಾರಿಯನ್ನು ಶ್ರೀನಗರಕ್ಕೆ ಸೇರಿಸುವ, ದೇಶದಲ್ಲೇ ಅತಿ ಉದ್ದವಾದ ಈ ಹೆದ್ದಾರಿಯಲ್ಲಿ ಮಕ್ಕಳು ಕಲಿಯುವುದು ಅಷ್ಟಿಷ್ಟಲ್ಲ. ಕರ್ನೂಲಿನಲ್ಲಿ ನಮ್ಮದೇ ತುಂಗಭದ್ರೆ, ಬೀಚುಪಲ್ಲಿಯಲ್ಲಿ ಕೃಷ್ಣೆ, ನಿರ್ಮಲ್ ತಲುಪುವ ಮುಂಚೆ ಗೋದಾವರಿ, ಮಹಾರಾಷ್ಟ್ರದ ಗಡಿಯಲ್ಲಿ ಪೈನ್‌ಗಂಗಾ, ಬರ್ಮಾನ್ ಘಾಟಿನಲ್ಲಿ ನರ್ಮದೆ, ಮೊರೇನಾ ದಾಟಿದ ಮೇಲೆ ಚಂಬಲ್ ಹೀಗೆ ಭೂಪಟದಲ್ಲಿ ಗೆರೆಗಳಾಗಿ ಕಂಡಿದ್ದ ನದಿಗಳು ಒಂದೊಂದಾಗಿ ಸೇತುವೆಯ ಕೆಳಗೆ ಹರಿಯುತ್ತವೆ. ಅನಂತಪುರದ ಕೆಂಪು ನೆಲ ಆದಿಲಾಬಾದಿನ ಹೊತ್ತಿಗೆ ಹತ್ತಿ ಬೆಳೆಯುವ ಎರೆಭೂಮಿಯಾಗಿರುತ್ತದೆ. ನಾಗಪುರ ಮತ್ತು ಸಿವನಿಯ ನಡುವೆ ಪೆಂಚ್ ಹುಲಿ ಕಾಡಿನ ಭಾಗದಲ್ಲಿ ರಸ್ತೆಯನ್ನೇ ಕಂಬಗಳ ಮೇಲೆ ಎತ್ತಿ, ಕೆಳಗೆ ಪ್ರಾಣಿಗಳು ದಾಟಲು ದಾರಿ ಬಿಟ್ಟಿದ್ದಾರೆ. ಹುಲಿಗಳು ಅಲ್ಲಿ ಓಡಾಡುವುದು ಕ್ಯಾಮೆರಾಗಳಲ್ಲಿ ದಾಖಲಾಗಿದೆ. ಇದನ್ನು ಕೇಳಿದ ಮೇಲೆ ನನ್ನ ಮಗಳು ಆ ಕಾಡು ಮುಗಿಯುವವರೆಗೂ ಕಿಟಕಿ ಬಿಟ್ಟು ಕದಲಲಿಲ್ಲ.

ಹಗಲಿನ ಈ ಸಂತೋಷವೆಲ್ಲ ಸಂಜೆ ಐದರ ನಂತರ ಆತಂಕಕ್ಕೆ ತಿರುಗುತ್ತಿತ್ತು. ಒಂದು ಸಂಜೆ ಎಲ್ಲಿಯೂ ಜಾಗ ಸಿಗದೆ, ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕೊಂದರ ಹಿಂದಿನ ಲಾರಿ ನಿಲ್ದಾಣದ ಮೂಲೆಯಲ್ಲಿ ಡೇರೆ ಹಾಕಲು ಕೇಳಿಕೊಂಡೆವು. ಲಾರಿಗಳ ಓಡಾಟಕ್ಕೆ ಸಿಕ್ಕಿ ಗಟ್ಟಿಯಾಗಿದ್ದ ಆ ಜಲ್ಲಿ ನೆಲದಲ್ಲಿ ಗೂಟ ಎರಡಂಗುಲವೂ ಇಳಿಯಲಿಲ್ಲವಾದ್ದರಿಂದ, ಹಗ್ಗಗಳನ್ನು ಒಂದು ಕಡೆ ಕಾರಿನ ಚಕ್ರಕ್ಕೂ ಇನ್ನೊಂದು ಕಡೆ ನೀರು ತುಂಬಿದ ಕ್ಯಾನುಗಳಿಗೂ ಬಿಗಿದೆವು. ಬಂಕಿನ ಆವರಣದಲ್ಲಿ ಒಲೆ ಹಚ್ಚುವಂತಿಲ್ಲ, ಹಚ್ಚಲೂಬಾರದು. ಮಕ್ಕಳು ಬಾಳೆಹಣ್ಣು, ಬನ್ನು ತಿಂದು ಮಲಗಿದರು. ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿತ್ತು, ಬೀಗದ ಕೈ ಹಗಲು ಪಾಳಿಯವರೊಂದಿಗೆ ಮನೆಗೆ ಹೋಗಿತ್ತು. ರಾತ್ರಿಯಿಡೀ ಒಂದಲ್ಲ ಒಂದು ಲಾರಿಯ ದೀಪ ಡೇರೆಯ ಬಟ್ಟೆಯ ಮೇಲೆ ಬೀಳುತ್ತಿತ್ತು. ಅದು ಬಿದ್ದಾಗಲೆಲ್ಲ ನಮ್ಮ ಯಜಮಾನರು ಟಾರ್ಚು ಹಿಡಿದು ಹೊರಗೆ ಹೋಗಿ ನಿಲ್ಲುತ್ತಿದ್ದರು. ಆ ಮೂಲೆಯಲ್ಲಿ ಮಕ್ಕಳು ನೆಲದ ಮೇಲೆ ಮಲಗಿದ್ದಾರೆಂದು, ದಣಿದು ಬಂದು ಕತ್ತಲಲ್ಲಿ ಲಾರಿಯನ್ನು ಹಿಂದಕ್ಕೆ ತೆಗೆಯುವ ಚಾಲಕರಿಗೆ ತಿಳಿಯುವುದಾದರೂ ಹೇಗೆ?

ಇಂಥ ರಾತ್ರಿಯೊಂದನ್ನು ಕಳೆದ ತಂದೆತಾಯಿ ಮರುದಿನ ಏನು ಮಾಡುತ್ತಾರೆ ಎಂಬುದನ್ನು ಅಧಿಕಾರಿಗಳು ಯೋಚಿಸಬೇಕು. ಮುಂದಿನ ದೊಡ್ಡ ಊರು ಸಿಗುವವರೆಗೆ, ಕತ್ತಲಾದರೂ, ಗಾಡಿ ಓಡಿಸುತ್ತಲೇ ಇರುತ್ತಾರೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಜನ ಪ್ರಾಣ ಬಿಟ್ಟಿದ್ದು ರಾಷ್ಟ್ರೀಯ ಹೆದ್ದಾರಿಗಳಲ್ಲಿ, ಮತ್ತು ಅತಿ ಹೆಚ್ಚು ಅಪಘಾತಗಳು ನಡೆಯುವುದು ಸಂಜೆ 6ರಿಂದ 9 ಗಂಟೆಯ ನಡುವೆ. ಹಸಿದು ಅಳುವ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಸಮಾಧಾನಪಡಿಸುತ್ತ, ಫೋನಿನಲ್ಲಿ ವಸತಿ ಹುಡುಕುತ್ತ ಸಾಗುವ ಹೊತ್ತು ಸರಿಯಾಗಿ ಅದೇ. ಡೇರೆಗೆ ಜಾಗ ಕೇಳುವುದನ್ನು ನಾನು ಮೊದಲಿಗೆ ಸುರಕ್ಷತೆಯ ವಿಷಯವೆಂದೇ ನೋಡುತ್ತೇನೆ. ಮೋಜಿನ ಮಾತು ಆಮೇಲಿನದು.

ಡೇರೆ ವಾಸ ನಮ್ಮದಲ್ಲ, ಉಳ್ಳವರು ಹೊರದೇಶದಿಂದ ಕಲಿತು ಬಂದ ಹವ್ಯಾಸ ಎಂದು ಕೆಲವರು ಹೇಳುವುದುಂಟು. ಈ ಮಾತನ್ನು ಒಪ್ಪಲಾಗದು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಉತ್ತರ ಕರ್ನಾಟಕದ ರೈತ ಕುಟುಂಬಗಳು ಮೊದಲು ಚಕ್ಕಡಿಗಳಲ್ಲಿ, ಈಗ ಟ್ರ್ಯಾಕ್ಟರುಗಳಲ್ಲಿ ಹೊರಟು, ದಾರಿಯುದ್ದಕ್ಕೂ ಮರದಡಿ ಬುತ್ತಿ ಬಿಚ್ಚಿ, ಗುಡ್ಡದ ಬಯಲಿನಲ್ಲಿ ತಾಡಪತ್ರಿ ಕಟ್ಟಿ, ಕಲ್ಲಿನ ಒಲೆ ಹೂಡಿ, ಎಳೆಗೂಸುಗಳ ಸಮೇತ ತಂಗುತ್ತ ಬಂದಿವೆ. ದಾರಿಹೋಕರಿಗೆ ಛತ್ರ ಕಟ್ಟಿಸಿದ, ಅರವಟ್ಟಿಗೆ ಇಟ್ಟ ನಾಡು ನಮ್ಮದು. ಬೀದರಿನ ಗುರುನಾನಕ್ ಝೀರಾದಲ್ಲಾಗಲಿ, ಪಂಜಾಬಿನ ಗುರುದ್ವಾರಗಳಲ್ಲಾಗಲಿ ಪ್ರಯಾಣಿಕರಿಗೆ ಊಟ ಮತ್ತು ತಂಗುವ ಜಾಗ ಸಿಗುತ್ತದೆ. ನಮ್ಮ ಪ್ರಯಾಣದಲ್ಲಿ ಮಕ್ಕಳು ಹೊಟ್ಟೆ ತುಂಬ ಉಂಡು, ಭಯವಿಲ್ಲದೆ ನಿದ್ರಿಸಿದ ರಾತ್ರಿ ಎಂದರೆ ಪಂಜಾಬಿನ ಸಣ್ಣ ಗುರುದ್ವಾರವೊಂದರಲ್ಲಿ ಕಳೆದದ್ದು.

ಸರ್ಕಾರ ಏನೂ ಮಾಡಿಲ್ಲ ಎಂಬುದು ನನ್ನ ದೂರಲ್ಲ. ಹೆದ್ದಾರಿಗಳಲ್ಲಿ ಪ್ರತಿ 40ರಿಂದ 60 ಕಿಲೋಮೀಟರಿಗೊಂದು ದಾರಿಬದಿ ಸೌಲಭ್ಯ ಕೇಂದ್ರ ನಿರ್ಮಿಸುವ ಯೋಜನೆಯಿದೆ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ‘ಹಮ್‌ಸಫರ್’ ನೀತಿಯು ಸ್ವಚ್ಛ ಶೌಚಾಲಯ, ಹಸುಗೂಸುಗಳ ಆರೈಕೆಯ ಕೋಣೆ, ವಾಹನ ನಿಲುಗಡೆ, ಪೆಟ್ರೋಲ್ ಬಂಕುಗಳಲ್ಲಿ ತಂಗುಕೋಣೆ ಮುಂತಾದವನ್ನು ಹೇಳುತ್ತದೆ. ಕೇರಳವು 2021ರಲ್ಲೇ ಕ್ಯಾರವಾನ್ ಪ್ರವಾಸ ನೀತಿ ತಂದು, ಮರುವರ್ಷ ವಾಗಮಣ್‌ನಲ್ಲಿ ಮೊದಲ ಕ್ಯಾರವಾನ್ ಪಾರ್ಕನ್ನು ತೆರೆಯಿತು. ಆದರೆ ಕ್ಯಾರವಾನ್ ಕೊಳ್ಳುವ ಅಥವಾ ಬಾಡಿಗೆಗೆ ಪಡೆಯುವ ಶಕ್ತಿ ಎಷ್ಟು ಸಂಸಾರಗಳಿಗಿದೆ? ಸಾಮಾನ್ಯ ಕಾರು ಮತ್ತು ಸಾಮಾನ್ಯ ಡೇರೆಯೊಂದಿಗೆ ಬರುವವರಿಗೂ ಈ ಕೇಂದ್ರಗಳಲ್ಲಿ ಜಾಗ ಸಿಗಬೇಕು. ಲಾರಿ ನಿಲ್ದಾಣದಿಂದ ಬೇರೆಯಾಗಿ ಬೇಲಿ ಹಾಕಿದ, ಗೂಟ ಇಳಿಯುವಂಥ ಮಣ್ಣಿನ ಒಂದಿಷ್ಟು ಅಂಗಳ, ರಾತ್ರಿಯೂ ತೆರೆದಿರುವ ಶೌಚಾಲಯ, ಕುಡಿಯುವ ನೀರು, ಒಲೆ ಹಚ್ಚಲು ಪ್ರತ್ಯೇಕ ಕಟ್ಟೆ, ಒಬ್ಬ ಕಾವಲುಗಾರ. ಇಷ್ಟಕ್ಕೆ ನ್ಯಾಯವಾದ ಶುಲ್ಕ ಕೊಡಲು ನಮ್ಮಂಥವರು ಸಿದ್ಧರಿದ್ದೇವೆ.

ಕರ್ನಾಟಕದಲ್ಲಿ ಇದಕ್ಕೆ ಹೊಸ ಕಟ್ಟಡಗಳೂ ಬೇಕಿಲ್ಲ. ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲುಗಳಲ್ಲಿ ಹಿತ್ತಲು ಇರುವೆಡೆ ಅದನ್ನೇ ಬಳಸಬಹುದು. ಜಂಗಲ್ ಲಾಡ್ಜಸ್ ಸಂಸ್ಥೆ ಕ್ಯಾತದೇವರಾಯನ ಗುಡಿಯಂಥ ಕಡೆ ಡೇರೆ ವಸತಿಯನ್ನು ಚೆನ್ನಾಗಿ ನಡೆಸಿದ ಅನುಭವ ಹೊಂದಿದೆ, ಆದರೆ ಅಲ್ಲಿನ ದರ ದಾರಿಯಲ್ಲಿ ಒಂದು ರಾತ್ರಿ ಕಳೆಯುವ ಕುಟುಂಬಕ್ಕೆ ಎಟಕುವಂಥದ್ದಲ್ಲ. ಹೆದ್ದಾರಿಗೆ ಹತ್ತಿರದ ಗ್ರಾಮ ಪಂಚಾಯಿತಿಗಳು ಜಾಗ ಕೊಟ್ಟು, ಊರಿನ ಸ್ತ್ರೀಶಕ್ತಿ ಸಂಘದವರು ನಿರ್ವಹಣೆ ವಹಿಸಿಕೊಂಡರೆ ಬಂದವರಿಗೆ ಬಿಸಿ ರೊಟ್ಟಿ, ಮುದ್ದೆಯ ಊಟವೂ ಸಿಕ್ಕೀತು, ಸಂಘಕ್ಕೆ ಆದಾಯವೂ ಆದೀತು. ಹೆಂಗಸರು ನಡೆಸುವ ಜಾಗದಲ್ಲಿ ಹೆಣ್ಣುಮಕ್ಕಳನ್ನು ಕರೆತಂದವರಿಗೆ ಸಿಗುವ ಧೈರ್ಯವೇ ಬೇರೆ.

ಕಾಡಿನೊಳಗೆ, ಬೆಟ್ಟದ ತುದಿಯಲ್ಲಿ ಕಂಡಕಂಡಲ್ಲಿ ಡೇರೆ ಹಾಕಲು ಬಿಡಿ ಎಂದು ನಾನು ಕೇಳುತ್ತಿಲ್ಲ. ಬಂಡೀಪುರದಲ್ಲಿ 2009ರಿಂದ ಜಾರಿಯಲ್ಲಿರುವ ರಾತ್ರಿ ಸಂಚಾರ ನಿಷೇಧ ಮುಂದುವರಿಯಲೇಬೇಕು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಚಾರಣವನ್ನು ತಡೆದು, ಆನ್‌ಲೈನ್ ಮುಂಗಡ ನೋಂದಣಿಯತ್ತ ಹೊರಳಿದ್ದು ಸರಿಯಾದ ಕ್ರಮ. ಡೇರೆ ತಾಣಗಳಿಗೂ ಅಂಥದೇ ನೋಂದಣಿ, ಮದ್ಯಪಾನ ಮತ್ತು ಧ್ವನಿವರ್ಧಕಕ್ಕೆ ನಿಷೇಧ, ಕಸ ಬಿಟ್ಟು ಹೋದವರಿಗೆ ದಂಡ ಇರಲಿ. ತಂದೆತಾಯಂದಿರ ಹೊಣೆಯೂ ಇದೆ. ಹದಿನಾಲ್ಕರೊಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಆಸನ ಬಳಸದಿದ್ದರೆ 2019ರ ತಿದ್ದುಪಡಿ ಕಾಯ್ದೆಯಂತೆ ಸಾವಿರ ರೂಪಾಯಿ ದಂಡವಿದೆ; ಆದರೂ ತೊಡೆಯ ಮೇಲೆ ಮಗು ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಕುಳಿತವರನ್ನು ದಾರಿಯುದ್ದಕ್ಕೂ ನೋಡಿ ಸಂಕಟವಾಯಿತು. ಚಳಿಯೆಂದು ಮುಚ್ಚಿದ ಡೇರೆಯೊಳಗೆ ಒಲೆ, ಕೆಂಡದ ಅಗ್ಗಿಷ್ಟಿಕೆ ಇಡುವುದಂತೂ ಜೀವಕ್ಕೇ ಅಪಾಯ, ವಿಷಾನಿಲ ಯಾರನ್ನೂ ಎಚ್ಚರಿಸುವುದಿಲ್ಲ.

ಬೆಂಗಳೂರಿನಿಂದ ಬೆಳಗಾವಿಗೆ ಹೋಗುವ 48ನೇ ಹೆದ್ದಾರಿಯಲ್ಲಿ ಹಿರಿಯೂರು ಮತ್ತು ರಾಣೆಬೆನ್ನೂರಿನ ಬಳಿ, 44ನೇ ಹೆದ್ದಾರಿಯಲ್ಲಿ ಬಾಗೇಪಲ್ಲಿಯ ಬಳಿ ಒಂದೊಂದು ತಾಣವನ್ನು ಪ್ರಾಯೋಗಿಕವಾಗಿ ತೆರೆಯುವಂತೆ ರಾಜ್ಯ ಪ್ರವಾಸೋದ್ಯಮ ಇಲಾಖೆಯನ್ನೂ, ಅದಕ್ಕೆ ಸಹಕರಿಸುವಂತೆ ಹೆದ್ದಾರಿ ಪ್ರಾಧಿಕಾರವನ್ನೂ ಒತ್ತಾಯಿಸುತ್ತೇನೆ. ಬರುವ ದಸರಾ ರಜೆಗೆ ಮುಂಚೆ ಈ ಕೆಲಸ ಆರಂಭವಾಗಲಿ.

ಇಂತಿ,
ಇಬ್ಬರು ಮಕ್ಕಳ ತಾಯಿ, ತುಮಕೂರು