ಭಾನುವಾರದ ಅಡುಗೆ: ಕಳಲೆ ತರುವವರು ಗಮನಿಸಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಮಳೆಗಾಲದ ಅಡುಗೆ ಮಾಡೋಣ. ಒಂದೆಲಗದ ತಂಬುಳಿ, ಪತ್ರೊಡೆ, ಕಳಲೆ (ಎಳೆ ಬಿದಿರಿನ ಮೊಳಕೆ) ಪಲ್ಯ. ಹಿತ್ತಲಲ್ಲೇ ಇಷ್ಟೆಲ್ಲ ಸಿಗುವಾಗ ಪೇಟೆ ತರಕಾರಿಗೆ ಸುಮ್ನೆ ದುಡ್ಡು ಯಾಕೆ, ಅಲ್ವಾ?

ಕಳಲೆ ತರುವವರು ದಯವಿಟ್ಟು ಗುರುವಾರವೇ ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಚೆಲ್ಲಿ ಹೊಸ ನೀರು ಹಾಕಿ, ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ, ಹಾಗಾಗಿ ಮೂರು ದಿನ ನೆನೆದ ಮೇಲೂ ಚೆನ್ನಾಗಿ ಬೇಯಿಸಿಯೇ ಪಲ್ಯ ಮಾಡೋದು. ಪತ್ರೊಡೆಗೆ ಕೆಸುವಿನ ಎಳೆ ಎಲೆಗಳೇ ಇರಲಿ. ಅದಕ್ಕೆ ಹುಣಸೆಹಣ್ಣು ಮಾತ್ರ ಕಡಿಮೆ ಮಾಡುವ ಹಾಗಿಲ್ಲ, ಕಡಿಮೆಯಾದರೆ ಕೆಸುವಿನಿಂದ ಗಂಟಲು ತುರಿಸುತ್ತದೆ.

ಅಕ್ಕಿ ನಾನು ನೆನೆಸಿಡುತ್ತೇನೆ. ಮಜ್ಜಿಗೆ, ತೆಂಗಿನಕಾಯಿ ಯಾರು ತರುತ್ತೀರಿ? ಮಕ್ಕಳನ್ನೂ ಕರೆತನ್ನಿ. ಎಷ್ಟು ಜನ ಬರುತ್ತೀರಿ ಅಂತ ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.