ಬಣ್ಣ ನೋಡಿ ಹಳೇ ಸ್ಪೋರ್ಟ್ಸ್ ಕಾರು ಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ನಾನು ಹಾಸನದವನು, ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಕಾರು ಮೆಕ್ಯಾನಿಕ್. ಇಲ್ಲಿಗೆ ಕೆಲಸಕ್ಕೆ ಬಂದ ನಮ್ಮ ಹುಡುಗರು ಎಂಜಿಬಿ ಎಂಬ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಫೋಟೊ ನೋಡಿಯೇ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ನೋಡಿದರೆ ಸಂಕಟವಾಗುತ್ತದೆ.

1962ರಿಂದ 1980ರವರೆಗೆ ತಯಾರಾದ ಈ ಕಾರಿಗೆ ಬೇರೆ ಚಾಸಿ, ಅಂದರೆ ಅಡಿಯಲ್ಲಿ ಭಾರ ಹೊರುವ ಪ್ರತ್ಯೇಕ ಚೌಕಟ್ಟು, ಇಲ್ಲ. ಬಾಡಿಯೇ ಭಾರ ಹೊರಬೇಕು. ಬಾಗಿಲ ಕೆಳಗೆ ಉದ್ದಕ್ಕೂ ಇರುವ ಉಕ್ಕಿನ ಪಟ್ಟಿ, ಅಂದರೆ ಸಿಲ್, ತುಕ್ಕು ಹಿಡಿದರೆ ಬೆನ್ನುಮೂಳೆಯೇ ಹೋದ ಹಾಗೆ. ಅದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿರುತ್ತಾರೆ, ಫಳಫಳ ಹೊಳೆಯುತ್ತದೆ. ಆಯಸ್ಕಾಂತ ಇಟ್ಟು ನೋಡಿ, ದಪ್ಪ ಪುಟ್ಟಿ ಇದ್ದಲ್ಲಿ ಅಂಟುವುದಿಲ್ಲ. ಜಾಕ್ ಹಾಕಿ ಎತ್ತಿದಾಗ ಬಾಗಿಲಿನ ಸಂದು ಕಿರಿದಾಯಿತೇ? ಬಾಡಿ ಬಾಗುತ್ತಿದೆ ಎಂದರ್ಥ, ಆ ಕಾರು ಬೇಡ. ಎಂಜಿನ್ ರಿಪೇರಿ ಸುಲಭ, ಬಿಡಿಭಾಗ ಸಿಗುತ್ತವೆ. ವೆಲ್ಡಿಂಗ್ ಖರ್ಚೇ ಜಾಸ್ತಿ.

40 ವರ್ಷ ದಾಟಿದ ಕಾರಿಗೆ, ದೊಡ್ಡ ಮಾರ್ಪಾಡು ಆಗಿರದಿದ್ದರೆ, ಇಲ್ಲಿ ಎಂಒಟಿ, ಅಂದರೆ ಕಾರು ರಸ್ತೆಗಿಳಿಯಲು ಯೋಗ್ಯವೇ ಎಂದು ನೋಡುವ ವರ್ಷಕ್ಕೊಮ್ಮೆಯ ತಪಾಸಣೆ, ಕಡ್ಡಾಯವಲ್ಲ. ಅಂದರೆ ಎಷ್ಟೋ ವರ್ಷದಿಂದ ಯಾರೂ ಅಡಿಗೆ ಬಗ್ಗಿ ನೋಡದೇ ಇರಬಹುದು, ಅಲ್ವಾ? ಹಳೇ ಎಂಒಟಿ ದಾಖಲೆ ಸರ್ಕಾರಿ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಮಾರುವವರಿಗೆ ಪರಿಚಯವಿಲ್ಲದ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ಯಿರಿ. ಕಾರನ್ನು ಲಿಫ್ಟ್ ಮೇಲೆ ಏರಿಸಲು ಮಾಲೀಕರು ಒಪ್ಪದಿದ್ದರೆ ದುಡ್ಡು ಕೊಡದೆ ವಾಪಸ್ ಬನ್ನಿ.

– ನಿಮ್ಮ ಓದುಗ, ಕೊವೆಂಟ್ರಿ