ಕೈಗಾದಲ್ಲಿ ಎರಡು ಹೊತ್ತಿದರೆ ಶಕ್ತಿನಗರದಲ್ಲಿ ಎಷ್ಟು ಆರುತ್ತವೆ? ಇಂಧನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರಿಗೆ ನಮಸ್ಕಾರ.

ನಾನು ಕಾರವಾರದ ಕಡೆಯವನು. 1994ರಲ್ಲಿ ಕೈಗಾದಲ್ಲಿ ಕಟ್ಟುತ್ತಿದ್ದ ಅಣು ರಿಯಾಕ್ಟರಿನ ಗುಮ್ಮಟ ಕುಸಿದಾಗ ನಮ್ಮ ಮನೆಯಲ್ಲಿ ಎಲ್ಲರೂ ಅಣುಸ್ಥಾವರದ ವಿರೋಧಿಗಳೇ. ಅಮ್ಮ ಈಗಲೂ ಹಾಗೇ ಇದ್ದಾಳೆ. ನಾನು ಮಾತ್ರ ಈಗ ಸ್ಥಾವರದ ಪರ, ಒಂದು ಷರತ್ತಿನ ಮೇಲೆ.

ಮನಸ್ಸು ಬದಲಾಗಿದ್ದು ಒಂದು ಸಣ್ಣ ಲೆಕ್ಕದಿಂದ. ಈಗಿರುವ 220 ಮೆಗಾವಾಟ್ ರಿಯಾಕ್ಟರಿಗೆ ಹಾಕುವ ಇಂಧನದ ಕಟ್ಟು ಅರ್ಧ ಮೀಟರ್ ಉದ್ದ, 15 ಕೆಜಿ ಆಸುಪಾಸು ತೂಕ. ಹೊಸದಿದ್ದಾಗ ಮಗುವನ್ನು ಎತ್ತಿದ ಹಾಗೆ ಎತ್ತಬಹುದು. (ಒಳಗೆ ಉರಿದು ಬಂದ ಮೇಲೆ ಹತ್ತಿರ ಸುಳಿಯುವ ಹಾಗಿಲ್ಲ. ಅಮ್ಮನ ತಕರಾರು ಇರುವುದು ಅಲ್ಲೇ, ಅದು ಸುಳ್ಳಲ್ಲ.) ಅದೊಂದು ಕಟ್ಟು ಕೊಡುವಷ್ಟು ಕರೆಂಟಿಗೆ ನನ್ನ ಲೆಕ್ಕದಲ್ಲಿ ಸುಮಾರು 400 ಟನ್ ಕಲ್ಲಿದ್ದಲು ಬೇಕು. ಆರೇಳು ರೈಲ್ವೆ ವ್ಯಾಗನ್! ಕಟ್ಟು ಬದಲಿಸಲು ರಿಯಾಕ್ಟರ್ ನಿಲ್ಲಿಸಬೇಕಾಗಿಯೂ ಇಲ್ಲ. 2018ರ ಡಿಸೆಂಬರ್ 31ರವರೆಗೆ ಮೊದಲ ಘಟಕ 962 ದಿನ ಒಂದೇ ಸಮನೆ ಓಡಿತ್ತು. ಪಾವಗಡದ ಸೋಲಾರ್ ಬೇಡ ಎನ್ನುತ್ತಿಲ್ಲ. ಆದರೆ ಮನೆಮನೆಯಲ್ಲಿ ದೀಪ ಹಾಕುವ ಹೊತ್ತಿಗೆ ಅದು ಮಲಗಿರುತ್ತದೆ, ಅಲ್ವಾ?

ಈಗ ಕೈಗಾದಲ್ಲಿ 5 ಮತ್ತು 6ನೇ ಘಟಕದ ಕೆಲಸ ನಡೆದಿದೆ. ತಲಾ 700 ಮೆಗಾವಾಟ್. ನೂರಕ್ಕೆ 80ರಷ್ಟು ಓಡಿದರೂ ವರ್ಷಕ್ಕೆ 980 ಕೋಟಿ ಯೂನಿಟ್. ಕಲ್ಲಿದ್ದಲಿನ ಕರೆಂಟಿನ ಪ್ರತಿ ಯೂನಿಟ್‌ಗೆ 900 ಗ್ರಾಂ ಇಂಗಾಲದ ಡೈಆಕ್ಸೈಡ್ ಎಂದಿಟ್ಟುಕೊಂಡರೆ ಸುಮಾರು 88 ಲಕ್ಷ ಟನ್ ಉಳಿಯಬೇಕು. ಅದು ಉಳಿಯುವುದು ಎಲ್ಲೋ ಒಂದು ಕಡೆ ಬಾಯ್ಲರ್ ಆರಿದರೆ ಮಾತ್ರ. ಆರದಿದ್ದರೆ ಕರೆಂಟ್ ಜಾಸ್ತಿಯಾಯಿತು ಅಷ್ಟೇ, ಹೊಗೆ ಇದ್ದಷ್ಟೇ ಇರುತ್ತದೆ.

ಕೈಗಾ ಕೇಂದ್ರ ಸರ್ಕಾರದ್ದು, ನಿಮ್ಮ ಕೈಯಲ್ಲಿಲ್ಲ, ಗೊತ್ತು. ಅಲ್ಲಿನ ಕರೆಂಟ್ ಪೂರ್ತಿ ನಮಗೇ ಬರುವುದೂ ಇಲ್ಲ. ಆದರೆ ರಾಯಚೂರಿನ ಶಕ್ತಿನಗರದ 210 ಮೆಗಾವಾಟ್ ಕಲ್ಲಿದ್ದಲು ಘಟಕಗಳು ರಾಜ್ಯದವು. ಎಂಬತ್ತರ ದಶಕದಲ್ಲಿ ಶುರುವಾದವೂ ಅದರಲ್ಲಿವೆ. ನಮ್ಮ ಪಾಲಿನ ಕರೆಂಟ್ ಬಂದಾಗ ಅವುಗಳಲ್ಲಿ ಯಾವುದು, ಯಾವ ವರ್ಷ ನಿಲ್ಲುತ್ತದೆ? ಅಲ್ಲಿ ದುಡಿಯುವವರಿಗೆ ಮುಂದೇನು? ಸಭೆಯಲ್ಲಿ ಸುಮ್ನೆ ಹೇಳಿದರೆ ಸಾಲದು, ಆದೇಶದಲ್ಲಿ ಬರಲಿ.

ಸೂಪಾ, ಕದ್ರಾ, ಕೊಡಸಳ್ಳಿ ಅಣೆಕಟ್ಟು, ಸೀಬರ್ಡ್ ನೌಕಾನೆಲೆ, ಕೈಗಾ ಅಂತ ನಮ್ಮ ಜಿಲ್ಲೆಯವರು ಕಾಡು, ಗದ್ದೆ, ಮನೆ ಬಿಟ್ಟುಕೊಡುತ್ತಲೇ ಬಂದಿದ್ದಾರೆ. ಈ ಸಲ ನಾವು ಕೇಳುತ್ತಿರುವುದು ಒಂದು ತಾರೀಖು.

ಇಂತಿ,
ಕಾಳಿ ದಂಡೆಯ ಒಬ್ಬ ಕರೆಂಟ್ ಗ್ರಾಹಕ